ಮೀಟರ್ ಕೂಡಿಸಿದರು, 24 ತಾಸು ನೀರು ಎಲ್ಲಿಂದ?

ಧನಕವಡಿ ಸೆಕ್ರೆಟರಿ:
ತವರು ಧಾರವಾಡ, ಈಗ ಪುಣೆಯ ಧನಕವಡಿ. 32 ಮನೆಗಳ ಸೊಸೈಟಿ, ಈ ವರ್ಷ ಸೆಕ್ರೆಟರಿ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಬೆಳಿಗ್ಗೆ ಒಂದೂವರೆ ತಾಸು ನಳ ಬರುತ್ತದೆ. ಸಾಲದ್ದಕ್ಕೆ ಟ್ಯಾಂಕರ್. ಹೋದ ತಿಂಗಳು ಪಾಲಿಕೆಯವರು ಗೇಟಿನ ಹತ್ತಿರ ಮೀಟರ್ ಕೂಡಿಸಿ, ಇನ್ನು ಮುಂದೆ 24 ತಾಸು ನೀರು ಅಂದರು. ಮೀಟಿಂಗಿನಲ್ಲಿ ಮೇಲಿನ ಮನೆಯ ಆಜೋಬಾ (ಮರಾಠಿಯಲ್ಲಿ ಅಜ್ಜ), "ಖಡಕವಾಸಲಾ ಡ್ಯಾಮೇ ಬತ್ತಿದರೆ ಮೀಟರ್ ನೀರು ಕೊಡುತ್ತದಾ?" ಅಂತ ಎಲ್ಲರನ್ನೂ ನಗಿಸಿದರು. ನನಗೆ ಉತ್ತರ ಹೊಳೆಯಲಿಲ್ಲ. ನಿಮಗೇನಾದರೂ ಗೊತ್ತಾ?

ಹುಬ್ಬಳ್ಳಿ ಹುಡುಗ:
ಅಕ್ಕಾ, 24 ತಾಸು ಅಂದರೆ ಜಾಸ್ತಿ ನೀರು ಅಲ್ಲ, ಪೈಪು ಯಾವಾಗಲೂ ತುಂಬಿರೋದು. ನಮ್ಮೂರಲ್ಲಿ ನಾಲ್ಕೈದು ದಿನಕ್ಕೊಮ್ಮೆ ನಳ ಬಂದಾಗ ಹಂಡೆ, ಕೊಡ, ಚಹಾದ ಪಾತ್ರೆ ಕೂಡ ತುಂಬಿಸುತ್ತಿದ್ದೆವು, ನೆನಪಿದೆ ಅಲ್ವಾ? ಮತ್ತೆ ನಳ ಬಂತು ಅಂದರೆ ಹಳೆ ನೀರೆಲ್ಲ ಮೋರಿಗೆ! 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ 24 ತಾಸು ನೀರು ಶುರುವಾಯಿತು. ಅಲ್ಲಿದ್ದ ನಮ್ಮ ಚಿಕ್ಕಮ್ಮ ಎರಡೇ ತಿಂಗಳಲ್ಲಿ ನೀರಿನ ಡ್ರಮ್ಮಿಗೆ ಜೋಳ ತುಂಬಿದಳು. ಪಕ್ಕದ ವಾರ್ಡಿನವರು ಮಾತ್ರ ವರ್ಷಗಟ್ಟಲೆ ನೋಡುತ್ತಾ ಕೂತರು.

ಕೊಥ್ರೂಡ್ ಪ್ಲಂಬಿಂಗ್:
ಇನ್ನೊಂದು ಮಾತು. ಪೈಪು ಖಾಲಿಯಾದಾಗ ಬಿರುಕಿನಿಂದ ಮೋರಿ ನೀರು ಒಳಗೆ ಬರುತ್ತದೆ. ಒತ್ತಡ ಇದ್ದರೆ ಬರೋದಿಲ್ಲ. ಆಜೋಬಾಗೆ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ಕಥೆ ಹೇಳಿ. 1993ರಲ್ಲಿ ಅಲ್ಲಿ ಬಿಟ್ಟ ನೀರಿನಲ್ಲಿ 72% ಸೋರಿಕೆಗೆ, ಕಳ್ಳ ನಳಗಳಿಗೆ ಹೋಗುತ್ತಿತ್ತು. ಎಕ್ ಸೊನ್ ಚಾನ್ ಅನ್ನುವವರು ಅಲ್ಲಿನ ನೀರು ಸಂಸ್ಥೆಯ ಮುಖ್ಯಸ್ಥರಾಗಿ ಬಂದು ಎಲ್ಲರಿಗೂ ಮೀಟರ್ ಹಾಕಿಸಿದರು, ದೊಡ್ಡವರಿಂದಲೂ ಬಿಲ್ಲು ವಸೂಲಿ ಮಾಡಿದರು. ಆ ನಷ್ಟ 10%ಗಿಂತ ಕೆಳಗೆ ಇಳಿಯಿತು. ಖಾಸಗಿ ಕಂಪನಿ ಅಲ್ಲ, ಸರ್ಕಾರದ್ದೇ ಸಂಸ್ಥೆ.
ಮೀಟರಿನ ಅಸಲಿ ಕೆಲಸ ರಾತ್ರಿ. ಎಲ್ಲರೂ ಮಲಗಿದ ಮೇಲೂ ಏರಿಯಾಕ್ಕೆ ನೀರು ಹರಿಯುತ್ತಿದ್ದರೆ ಅದರಲ್ಲಿ ಹೆಚ್ಚಿನದು ಸೋರಿಕೆ. ನಿಮ್ಮ ಬಿಲ್ಡಿಂಗಿನಲ್ಲೂ ನೋಡಬಹುದು. ರಾತ್ರಿ 12ಕ್ಕೆ ಪಂಪ್ ಬಂದ್ ಮಾಡಿ, ಮೇಲಿನ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. 5ಕ್ಕೆ ಮತ್ತೆ ನೋಡಿ.

ಚಾಳಿನವ:
ಸೊಸೈಟಿಯವರಿಗೆ ಸರಿ. ನಮ್ಮ ಚಾಳಿನಲ್ಲಿ ಹತ್ತು ಮನೆಗೆ ಒಂದೇ ನಳ. ಬಳಸಿದಷ್ಟೂ ದರ ಏರುವ ಸ್ಲ್ಯಾಬ್ ಬಂದರೆ, ಹತ್ತು ಮನೆಯ ನೀರೂ ಒಂದೇ ಮೀಟರಿನ ಲೆಕ್ಕಕ್ಕೆ ಬಿದ್ದು, ನಾವು ಬಡವರೇ ಬಂಗಲೆಯವರ ದರ ಕಟ್ಟಬೇಕು. ಅದನ್ನು ಯಾರೂ ಮಾತಾಡೋದಿಲ್ಲ.

ಧನಕವಡಿ ಸೆಕ್ರೆಟರಿ:
ಚಾಳಿನ ಅಣ್ಣ ಹೇಳಿದ್ದು ನನ್ನ ತಲೆಗೇ ಬಂದಿರಲಿಲ್ಲ. ಮನೆ ಲೆಕ್ಕ ಹಿಡಿದು ಸ್ಲ್ಯಾಬ್ ಹಾಕಬೇಕು ಅಂತ ಕೇಳಬೇಕು.
ನಿನ್ನೆ ರಾತ್ರಿ ವಾಚ್‌ಮನ್ ಜೊತೆ ಟಾರ್ಚ್ ಹಿಡಿದು ಟೆರೇಸ್ ಹತ್ತಿದೆ. ಬೆಳಿಗ್ಗೆ ನೋಡಿದರೆ ನೀರು ಗುರುತಿಗಿಂತ ಒಂದು ಗೇಣು ಕೆಳಗೆ! ಮನೆಮನೆ ತಿರುಗಿದೆ. ನಾಲ್ಕು ಫ್ಲಶ್ ಟ್ಯಾಂಕ್ ಸೋರುತ್ತಿವೆ. ಒಂದು ಆಜೋಬಾ ಮನೆಯದು.