ಪದ ಬೇಕಾಗಿದೆ: ಮರದ ಪೈಪಿನ ಭಾಗಗಳಿಗೆ

ಗೆಳೆಯರೇ, ನಮಸ್ಕಾರ.

ಡೆನ್ಮಾರ್ಕಿನಲ್ಲಿ ಕೈಯಿಂದಲೇ ಮಾಡುವ ಹೊಗೆಸೊಪ್ಪಿನ ಪೈಪುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಪೈಪ್’ ಅನ್ನುವುದನ್ನು ಹಾಗೇ ಇಟ್ಟುಕೊಳ್ಳುತ್ತೇನೆ, ಅದರ ಮೇಲೆ ಜಗಳ ಬೇಡ. ‘ಚಿಲುಮೆ’ ಅಂದರೆ ಮಣ್ಣಿನ ನೆಟ್ಟನೆಯ ಕೊಳವೆ, ಬುಡಕ್ಕೆ ಸುತ್ತಿದ ಒದ್ದೆ ಬಟ್ಟೆ. ಅದು ಬೇರೆಯೇ ವಸ್ತು. ‘ಹೊಗೆಕೊಳವೆ’ ಅಂದರಂತೂ ಬಚ್ಚಲಮನೆ ಒಲೆಯ ಚಿಮಣಿ ನೆನಪಾಗುತ್ತದೆ. ನನಗೆ ತೊಡಕಾಗಿರುವುದು ಪೈಪಿನ ಭಾಗಗಳ ಹೆಸರು.

ಮೊದಲು ಮರ. ಬ್ರೈಯರ್ ಅಂದರೆ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದಲ್ಲಿ, ಕಾಂಡಕ್ಕೂ ಬೇರಿಗೂ ನಡುವೆ ಊದಿಕೊಂಡ ಗಂಟು. ಮೆಡಿಟರೇನಿಯನ್ ಕಡಲ ಸುತ್ತಿನ ಗುಡ್ಡಗಳಲ್ಲಿ ಬೆಳೆಯುತ್ತದೆ. ತುಂಬಾ ಗಟ್ಟಿ, ಬಿಸಿ ತಡೆಯುತ್ತದೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನವರು 1850ರ ದಶಕದಿಂದ ಇದರಲ್ಲಿ ಪೈಪ್ ಮಾಡುತ್ತಾ ಬಂದಿದ್ದಾರೆ. ಗಂಟನ್ನು ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಇದಕ್ಕೆ ‘ಬೇರುಗಂಟು’ ಎಂದು ಬರೆದಿದ್ದೇನೆ. ‘ಬೇರುಗಡ್ಡೆ’ ಅಂದರೆ ಹುಳಿ ಮಾಡಿ ತಿನ್ನುವ ಪದಾರ್ಥ ಅನಿಸುತ್ತದೆ, ಅಲ್ವಾ?

ಇನ್ನು ಬೆಂಕಿ ಇರುವ ಜಾಗ. ಹೊರಗಿನಿಂದ ಕೈಯಲ್ಲಿ ಹಿಡಿಯುವ ಮರದ ಉಬ್ಬು ಒಂದು, ಅದರೊಳಗೆ ಕೊರೆದ, ಸುಮಾರು 20 ಮಿಲಿಮೀಟರ್ ಅಗಲದ ಟೊಳ್ಳು ಇನ್ನೊಂದು. ‘ಬಟ್ಟಲು’ ಎಂದರೆ ಎರಡೂ ಒಂದೇ ಆಗಿಬಿಡುತ್ತದೆ. ಕುಶಲಕರ್ಮಿಗೆ ಇವೆರಡೂ ಬೇರೆ ಬೇರೆ ಕೆಲಸ. ಹೊರಗಿನದು ಕಣ್ಣಿಗೆ, ಒಳಗಿನದು ಸೇದುವವನಿಗೆ. ಹೊರಗಿನದಕ್ಕೆ ‘ಬಟ್ಟಲು’, ಒಳಗಿನದಕ್ಕೆ ‘ಕುಳಿ’ ಎಂದು ಇಟ್ಟಿದ್ದೇನೆ. ‘ಕುಳಿ’ ಅಂದರೆ ಆಳ ಸಾಲದು ಎಂದು ಒಬ್ಬರು ಹೇಳಿದರು. ‘ಒಡಲು’ ಎನ್ನಿ ಎಂದರು ಇನ್ನೊಬ್ಬರು. ಅದು ಕವಿತೆಗೆ ಸರಿ, ಪೈಪಿಗೆ ಜಾಸ್ತಿ ಆಯಿತು.

ಕುಳಿಯ ತಳದಿಂದ ಬಾಯಿಯ ಕಡೆಗೆ ಹೊಗೆ ಬರುವ ಸಣ್ಣ ತೂತಿಗೆ ‘ಹೊಗೆದಾರಿ’ ಎಂದಿದ್ದೇನೆ. ಇದು ಸರಿಯಾಗಿ ತಳದ ನಡುವಿಗೇ ಬಂದು ಸೇರಬೇಕು. ಸ್ವಲ್ಪ ಮೇಲೆ ಬಿದ್ದರೂ ತಳದ ಸೊಪ್ಪು ಸುಡದೆ ಒದ್ದೆಯಾಗಿ ಉಳಿಯುತ್ತದೆ. ಎಷ್ಟು ಅಂದದ ಪೈಪ್ ಆದರೂ ಇದು ತಪ್ಪಿದರೆ ಸುಮ್ನೆ ಗೂಡಿನಲ್ಲಿಡಬೇಕು.

ನಿಜವಾದ ಚರ್ಚೆ ಬೇಕಿರುವುದು ‘ಕಡೆಯುವುದು’ ಎಂಬ ಪದದ ಮೇಲೆ. ಚನ್ನಪಟ್ಟಣದ ಗೊಂಬೆ ಕಡೆದದ್ದು, ಬೇಲೂರಿನ ಕಂಬವೂ ಕಡೆದದ್ದು, ವಿಗ್ರಹವೂ ಕಡೆದದ್ದೇ. ಕಾರ್ಖಾನೆಯ ಪೈಪನ್ನು ಯಂತ್ರದಲ್ಲಿ ತಿರುಗಿಸಿ ಕಡೆಯುತ್ತಾರೆ, ಅಲ್ಲಿ ಈ ಪದ ಸರಿ. ಆದರೆ ಸ್ವೀಡನ್‌ನಲ್ಲಿ ಹುಟ್ಟಿ ಕೋಪನ್‌ಹೇಗನ್‌ನಲ್ಲಿ ಪೈಪ್ ಮಾಡುತ್ತಿದ್ದ ಸಿಕ್ಸ್ಟನ್ ಇವಾರ್ಸನ್ (1910–2001) ದಾರಿಯೇ ಬೇರೆ. ಮರದ ಎಳೆ ಹೋದ ಕಡೆಗೆ ಆಕಾರ ಕೊಟ್ಟು, ಆಮೇಲೆ ಕೊರೆಯುವ ಪದ್ಧತಿ ಅವರದು. ಈ ಡ್ಯಾನಿಶ್ ಬಗೆಯಲ್ಲಿ ತಿರುಗುವ ಉಪ್ಪುಕಾಗದದ ತಟ್ಟೆಗೆ ಮರವನ್ನು ಬರಿಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ಉಳಿಯ ಕೆಲಸ ಕಡಿಮೆ. ಇದನ್ನು ‘ಕಡೆಯುವುದು’ ಎನ್ನಬಹುದೇ? ‘ಉಜ್ಜುವುದು’ ಅಂದರೆ ಪಾತ್ರೆ ತೊಳೆದ ಹಾಗಾಗುತ್ತದೆ. ‘ಮಸೆಯುವುದು’ ಕತ್ತಿಗೆ. ಸದ್ಯಕ್ಕೆ ‘ತೀಡುವುದು’ ಕಡೆಗೆ ನನ್ನ ಒಲವು. ಗಂಧ ತೇಯುವವರು ಬೇರೆ ಪದ ಹೇಳಿದರೆ ಕೇಳುತ್ತೇನೆ.

ಎಳೆಯ ವಿಷಯಕ್ಕೆ ಬಂದರೆ, ಉದ್ದಕ್ಕೆ ಓಡಿದರೆ ‘ನೇರ ಎಳೆ’. ಅದೇ ಎಳೆಯ ತುದಿ ಮೇಲ್ಮೈಗೆ ಬಂದಾಗ ಸಣ್ಣ ಸಣ್ಣ ಸುತ್ತುಗಳು ಕಾಣುತ್ತವೆ, ಅದಕ್ಕೆ ‘ಹಕ್ಕಿಗಣ್ಣು’. ಇವು ಚೆನ್ನಾಗಿ ಕೂತಿವೆ ಅನಿಸುತ್ತದೆ.

ಕೊನೆಯದು ಬಡಗಿಗಳನ್ನು ಬಲ್ಲವರಿಗೆ. ಬಾಯಿಗಿಡುವ ಎಬೊನೈಟ್ (ಗಟ್ಟಿ ಮಾಡಿದ ರಬ್ಬರ್) ನಳಿಗೆಯ ತುದಿಯಲ್ಲಿ ಒಂದು ಸಣ್ಣ ಗೂಟವಿದೆ, ಅದು ಮರದ ತೂತಿಗೆ ಬಿಗಿಯಾಗಿ ಕೂರುತ್ತದೆ. ಪೈಪ್ ಬಿಸಿ ಇರುವಾಗ ಎಳೆದರೆ ಮುರಿಯುವುದು ಇದೇ. ಬಾಗಿಲು ಚೌಕಟ್ಟು ಜೋಡಿಸುವಾಗಲೂ ಇಂಥದ್ದೇ ಜೋಡಿ ಬರುತ್ತದೆ. ನಿಮ್ಮ ಊರಿನ ಬಡಗಿಗಳು ಈ ಗೂಟಕ್ಕೆ ಏನನ್ನುತ್ತಾರೆ, ತೂತಿಗೆ ಏನನ್ನುತ್ತಾರೆ? ಊರಿನ ಹೆಸರನ್ನೂ ಬರೆದರೆ ಒಳ್ಳೆಯದು.