ಅಪ್‌ಡೇಟ್: ಚಿತ್ರಕ್ಕೆ ಅನುಮತಿ, ‘ಬಳಸಿಕೊಳ್ಳಿ’ ಎಂದರೆ ಸಾಕೇ?

ಬೇರೆಯವರ ಫೋಟೊವನ್ನು ವಿಕಿಮೀಡಿಯ ಕಾಮನ್ಸ್‌ಗೆ (ವಿಕಿಪೀಡಿಯ ಬಳಸುವ ಮುಕ್ತ ಚಿತ್ರಗಳ ಭಂಡಾರ) ಏರಿಸಲು ‘ಬಳಸಿಕೊಳ್ಳಿ’ ಎಂಬ ಮೇಲ್ ಬಂದರೆ ಸಾಕೇ ಎಂದು ಕೇಳಿದ್ದೆ. ಸಾಲದು. ‘ವಿಕಿಪೀಡಿಯಕ್ಕೆ ಮಾತ್ರ’, ‘ವಾಣಿಜ್ಯ ಬಳಕೆ ಬೇಡ’ ಎಂಬ ಷರತ್ತುಗಳೂ ಅಲ್ಲಿ ನಡೆಯುವುದಿಲ್ಲ. ಯಾರು ಬೇಕಾದರೂ ಮಾರ್ಪಡಿಸಿ, ಮಾರಾಟಕ್ಕೂ ಬಳಸುವಂತಿರಬೇಕು. ಕೊಟ್ಟ ಪರವಾನಗಿಯನ್ನು ಹಿಂಪಡೆಯಲೂ ಆಗದು. ಇದನ್ನೆಲ್ಲ ಅನುಮತಿ ಕೇಳುವ ಮೊದಲ ಪತ್ರದಲ್ಲೇ ಬಿಡಿಸಿ ಹೇಳಿಬಿಡಿ, ಆಮೇಲೆ ಗೊತ್ತಾದರೆ ಒಪ್ಪಿದವರೂ ಹಿಂದೆ ಸರಿಯಬಹುದು.

ಇನ್ನೊಂದು ಎಡವಟ್ಟು, ಚಿತ್ರದಲ್ಲಿರುವ ವ್ಯಕ್ತಿಯನ್ನೇ ಅನುಮತಿ ಕೇಳುವುದು. ಹಕ್ಕು ಸಾಮಾನ್ಯವಾಗಿ ಫೋಟೊ ತೆಗೆದವರದ್ದು. ಸಂಬಳಕ್ಕೋ ಕರಾರಿನ ಮೇಲೋ ತೆಗೆದದ್ದಾದರೆ ಸಂಸ್ಥೆಯದ್ದಿರಬಹುದು. ಹಳೆಯ ಪ್ರಿಂಟ್ ಮನೆಯಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

ಅನುಮತಿ ಪತ್ರದಲ್ಲಿ ಫೈಲಿನ ಹೆಸರು ಅಥವಾ ಕೊಂಡಿ, ತಾನೇ ಹಕ್ಕುದಾರ ಎಂಬ ಮಾತು, ‘ಸಿಸಿ ಬೈ-ಎಸ್‌ಎ 4.0’ (ಕ್ರಿಯೇಟಿವ್ ಕಾಮನ್ಸ್‌ನ ಒಂದು ಮುಕ್ತ ಪರವಾನಗಿ) ಎಂದು ಆವೃತ್ತಿ ಸಮೇತ ಪರವಾನಗಿ, ಪೂರ್ಣ ಹೆಸರು, ದಿನಾಂಕ ಇರಲಿ. ಅದು ಹಕ್ಕುದಾರರ ಮೇಲ್ ವಿಳಾಸದಿಂದಲೇ ವಿಆರ್‌ಟಿಗೆ (ಅನುಮತಿ ಮೇಲ್‌ಗಳನ್ನು ಪರಿಶೀಲಿಸುವ ವಿಕಿಮೀಡಿಯದ ಸ್ವಯಂಸೇವಕರ ತಂಡ) ಹೋಗಬೇಕು. ಚಾಟ್‌ನ ಸ್ಕ್ರೀನ್‌ಶಾಟ್‌ಗೆ ಬೆಲೆಯಿಲ್ಲ. ಚಿತ್ರ ಅವರದೇ ಜಾಲತಾಣದಲ್ಲಿದ್ದರೆ, ಅಲ್ಲೇ ಅದರ ಕೆಳಗೆ ಪರವಾನಗಿ ಬರೆಸುವುದು ಎಲ್ಲಕ್ಕಿಂತ ಸಲೀಸು, ಆಗ ಮೇಲ್ ಬೇಕಿಲ್ಲ.

ಉತ್ತರವೇ ಬಾರದಿದ್ದರೆ? ‘ಮೌನಂ ಸಮ್ಮತಿ ಲಕ್ಷಣಂ’ ಇಲ್ಲಿ ಸಲ್ಲದು. ಬೇರೆ ಚಿತ್ರ ಹುಡುಕಿ.