ಗಾಂಧಿನಗರದ ಹಳೆಯ ಕಚೇರಿ ಕಟ್ಟಡವನ್ನು ವಾಸದ ಮನೆಗಳಾಗಿ ಬದಲಾಯಿಸುವುದು: ಮಾಡಿಸಿದವರು ಅನುಭವ ತಿಳಿಸಬೇಕಾಗಿ ವಿನಂತಿ

ಗಾಂಧಿನಗರ ಮಾಲೀಕ:

ನಮ್ಮ ತಂದೆಯವರು 1978ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಕಟ್ಟಿಸಿದ ಕಟ್ಟಡವೊಂದು ನನ್ನ ಮತ್ತು ತಮ್ಮನ ಪಾಲಿಗೆ ಬಂದಿದೆ. ನೆಲಮಹಡಿಯ ಮೇಲೆ ಮೂರು ಅಂತಸ್ತುಗಳಿವೆ. ಅಗಲ 35 ಅಡಿ, ಉದ್ದ 80 ಅಡಿ. ಎಡಬಲದ ಗೋಡೆಗಳು ಪಕ್ಕದ ಕಟ್ಟಡಗಳಿಗೆ ತಾಗಿಕೊಂಡಿರುವುದರಿಂದ ಕಿಟಕಿಗಳಿರುವುದು ರಸ್ತೆಯ ಕಡೆಗೆ ಮತ್ತು ಹಿಂದಿನ ಓಣಿಯ ಕಡೆಗೆ ಮಾತ್ರ. ನೆಲಮಹಡಿಯ ಮಳಿಗೆಗಳಿಗೆ ಬೇಡಿಕೆ ಕುಗ್ಗಿಲ್ಲ. ಮೇಲಿನ ಅಂತಸ್ತುಗಳಲ್ಲಿ ಹಿಂದೆ ಚಲನಚಿತ್ರ ವಿತರಕರು, ವಕೀಲರು, ಲೆಕ್ಕಪರಿಶೋಧಕರು ಇದ್ದರು. ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಹೊಸಬರು ಯಾರೂ ಬಂದಿಲ್ಲ. ಅಂತಸ್ತಿಗೆ ನಾಲ್ಕರಂತೆ ಹನ್ನೆರಡು ಬಾಡಿಗೆ ಮನೆಗಳನ್ನು ಮಾಡುವ ಯೋಚನೆಯಿದೆ. ಇರುವುದು ಒಂದೇ ಮೆಟ್ಟಿಲು ಮತ್ತು ಒಂದು ಹಳೆಯ ಲಿಫ್ಟ್. ಖರ್ಚು ಎಷ್ಟಾದೀತು, ತೊಡಕು ಎಲ್ಲಿ ಬರುತ್ತದೆ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಶೇಷಾದ್ರಿಪುರದವರು:

ಧೈರ್ಯವಾಗಿ ಮಾಡಿಸಿ ಸರ್. ಶೇಷಾದ್ರಿಪುರದಲ್ಲಿ ನನ್ನ ಎರಡು ಅಂತಸ್ತಿನ ಕಚೇರಿಯನ್ನು ಆರು ಮನೆಗಳಾಗಿ ಮಾಡಿಸಿದ್ದೇನೆ, ಇಂದು ಒಂದೂ ಖಾಲಿ ಇಲ್ಲ. ಒಟ್ಟು 4,200 ಚದರ ಅಡಿಗೆ ತಗುಲಿದ್ದು 78 ಲಕ್ಷ, ಅಂದರೆ ಚದರ ಅಡಿಗೆ ಸುಮಾರು 1,850 ರೂಪಾಯಿ. ನೀರು ಮತ್ತು ಒಳಚರಂಡಿ ಕೊಳವೆಗಳಿಗೆ 16.5 ಲಕ್ಷ, ಹೊಸ ಲಿಫ್ಟಿಗೆ 14, ಒಳಗೋಡೆ ಮತ್ತು ಗಿಲಾವಿಗೆ 11, ವಿದ್ಯುತ್ ಕೆಲಸಕ್ಕೆ 9, ಟೈಲ್ಸಿಗೆ 8.5, ಅಡುಗೆಕಟ್ಟೆ ಮತ್ತು ಕಪಾಟುಗಳಿಗೆ 7, ಕಿಟಕಿಗಳಿಗೆ 6, ಬಣ್ಣಕ್ಕೆ 3.5, ಒಡೆದ ಅವಶೇಷ ಸಾಗಿಸಲು 2.5 ಲಕ್ಷ. ಕೊನೆಯದನ್ನು ಯಾವ ಗುತ್ತಿಗೆದಾರನೂ ಅಂದಾಜುಪಟ್ಟಿಯಲ್ಲಿ ತೋರಿಸುವುದಿಲ್ಲ. ನಗರದ ನಡುವೆ ಹಗಲಿನಲ್ಲಿ ಲಾರಿ ನಿಲ್ಲಿಸಲು ಬಿಡುವುದಿಲ್ಲವಾದ್ದರಿಂದ ರಾತ್ರಿ ಸಾಗಿಸಬೇಕು, ರಾತ್ರಿಯ ಕೂಲಿಯೇ ಬೇರೆ.

ಎಲ್ಲರೂ ಟೈಲ್ಸಿನ ದರ ಕೇಳುತ್ತಾರೆ. ನಿಜವಾಗಿ ಹಣ ಹೋಗುವುದು ಬಳಸಿದ ನೀರು ಹೊರಗೆ ಹೋಗುವ ದಾರಿಗೆ. ಕಚೇರಿಯಲ್ಲಿ ಅಂತಸ್ತಿಗೆ ಒಂದೇ ಶೌಚಾಲಯ, ಅದೂ ಮೆಟ್ಟಿಲ ಪಕ್ಕದ ಮೂಲೆಯಲ್ಲಿ. ಮನೆಯಾದರೆ ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಎರಡು ಬಚ್ಚಲು, ಎಲ್ಲಕ್ಕೂ ಕೊಳವೆ ಬೇಕು. ಹೊಸ ಮನೆಯಲ್ಲಿ ಬಚ್ಚಲಿನ ಸ್ಲ್ಯಾಬನ್ನು ಮೊದಲೇ ತಗ್ಗಿಸಿ ಹಾಕುತ್ತಾರೆ, ಹಳೆಯ ಕಚೇರಿಯಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಬಚ್ಚಲಿನ ನೆಲವನ್ನೇ ಎಂಟು ಅಂಗುಲ ಎತ್ತರಿಸಿ, ಕೊಳವೆಯ ಸುತ್ತ ಹಗುರ ಬ್ಲಾಕಿನ ಚೂರು ತುಂಬಿಸಿದೆವು. ಕೊಳವೆ ಇಳಿಸುವ ತೂತುಗಳನ್ನು ಯಂತ್ರದಿಂದ ಕೊರೆಯುವ ಬದಲು ಗುತ್ತಿಗೆದಾರನ ಆಳುಗಳು ಸುತ್ತಿಗೆಯಿಂದ ಒಡೆದು ಎರಡು ಕಡೆ ಕಬ್ಬಿಣವನ್ನೇ ಕತ್ತರಿಸಿಬಿಟ್ಟರು. ಅದನ್ನು ಸರಿಪಡಿಸಿ ಬಾಡಿಗೆದಾರರು ಬಂದ ಮೇಲೆ, ಮೇಲಿನ ಬಚ್ಚಲಿನ ಟ್ರ್ಯಾಪ್ (ದುರ್ವಾಸನೆ ತಡೆಯುವ ಬಾಗಿದ ಕೊಳವೆ) ಜೋಡಣೆಯಿಂದ ಸೋರಿದ ನೀರು ಕೆಳಮನೆಯ ಜಿಪ್ಸಂ ಚಾವಣಿಯ ಮೇಲೆ ಕಂದು ವೃತ್ತವಾಗಿ ಹರಡಿತು. ಟೈಲ್ಸ್ ಹಾಕುವ ಮೊದಲು ಪ್ರತಿ ಬಚ್ಚಲಿನಲ್ಲೂ 48 ಗಂಟೆ ನೀರು ಕಟ್ಟಿ ನಿಲ್ಲಿಸಿ, ಕೆಳಗಿನಿಂದ ಬರಿಗೈಯಲ್ಲಿ ಮುಟ್ಟಿ ನೋಡಿದ ಮೇಲೆಯೇ ಕಂತಿನ ಹಣ ಕೊಡಿ.

ಅವೆನ್ಯೂ ರಸ್ತೆಯವರು:

ಮೇಲಿನವರು ಇಷ್ಟು ಬರೆದು ಕಂಬಗಳ ಮಾತನ್ನೇ ಎತ್ತಿಲ್ಲವಲ್ಲ! ನಮ್ಮದೂ ಎಪ್ಪತ್ತರ ದಶಕದ ಕಟ್ಟಡ, ಆ ಕಾಲದ ತಿರುಚಿದ ಟಾರ್ ಕಬ್ಬಿಣ. ಒಂದು ಕಂಬದ ಗಿಲಾವು ಕಿತ್ತು, ಕಾಂಕ್ರೀಟನ್ನು ಸ್ವಲ್ಪ ಕೊರೆದು, ಎಂಜಿನಿಯರ್ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದರು. ಕ್ಷಾರಗುಣ ಉಳಿದಿರುವ ಕಾಂಕ್ರೀಟ್ ಕಡು ಗುಲಾಬಿಯಾಗುತ್ತದೆ. ಗಾಳಿಯ ಇಂಗಾಲಾಮ್ಲ ಹೊಕ್ಕು ಕ್ಷಾರಗುಣ ಕಳೆದುಕೊಂಡ ಭಾಗಕ್ಕೆ ಬಣ್ಣ ಬರುವುದಿಲ್ಲ. ನಮ್ಮ ಕಂಬದಲ್ಲಿ ಹೊರಮೈಯಿಂದ ಕಬ್ಬಿಣದವರೆಗೆ ಒಂದು ಚುಕ್ಕೆ ಗುಲಾಬಿಯೂ ಕಾಣಲಿಲ್ಲ. ಒಳಗಿನ ಸರಳುಗಳನ್ನು ಉಗುರಿನಿಂದ ಕೆರೆದರೆ ಪದರ ಪದರವಾಗಿ ತುಕ್ಕು ಬರುತ್ತಿತ್ತು.

22 ಕಂಬಗಳಿಗೆ ಹೊಸ ಕಬ್ಬಿಣ ಕಟ್ಟಿ, ನಾಲ್ಕೂ ಕಡೆ ನಾಲ್ಕು ಅಂಗುಲ ಮೈಕ್ರೋ ಕಾಂಕ್ರೀಟ್ (ಸಣ್ಣ ಜಲ್ಲಿಯ ಕಾಂಕ್ರೀಟ್) ಸುತ್ತಿಸಲು 34 ಲಕ್ಷ ಹೆಚ್ಚುವರಿಯಾಯಿತು. ಈ ಕೆಲಸವನ್ನು ಅಡಿಪಾಯದಿಂದಲೇ ಆರಂಭಿಸಬೇಕು. ಅಂದರೆ ನೆಲಮಹಡಿಯ ಮಳಿಗೆಗಳನ್ನು ಮುಚ್ಚಿಸಬೇಕು, ಆ ಅವಧಿಯ ಬಾಡಿಗೆ ಬಿಡಬೇಕು, ವ್ಯಾಪಾರಿಗಳಿಗೆ ಪರಿಹಾರ ಕೊಡಬೇಕು. ಹಬ್ಬದ ವ್ಯಾಪಾರದ ಕಾಲದಲ್ಲಿ ಮುಚ್ಚಿಸಿದ್ದಕ್ಕಾಗಿ ತಲೆಮಾರಿನಿಂದ ನಮ್ಮಲ್ಲಿದ್ದ ಜವಳಿ ವ್ಯಾಪಾರಿಯೊಬ್ಬರು ಮುಂಗಡ ವಾಪಸು ಕೇಳಿ ಹೊರಟುಹೋದರು. ಮುಗಿದ ಮೇಲೆ ಪ್ರತಿ ಮಳಿಗೆಯೂ ಎಂಟು ಅಂಗುಲ ಕಿರಿದಾಗಿತ್ತು. ಪೂರ್ತಿ ಕೆಡವಿ ಕಟ್ಟೋಣವೆಂದರೆ ಇಂದಿನ ನಿಯಮದಂತೆ ಸುತ್ತಲೂ ಜಾಗ ಬಿಡಬೇಕು, ವಾಹನ ನಿಲುಗಡೆ ತೋರಿಸಬೇಕು. ಪೇಟೆಯ ನಿವೇಶನದಲ್ಲಿ ಉಳಿಯುವುದೇನು?

ಶೇಷಾದ್ರಿಪುರದವರು:

ಕಂಬಗಳ ಬಗ್ಗೆ ಬರೆಯದಿದ್ದುದಕ್ಕೆ ಕಾರಣವಿದೆ. ನಮ್ಮಲ್ಲಿ ರೀಬೌಂಡ್ ಹ್ಯಾಮರ್ (ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯುತ್ತದೆಂದು ಅಳೆಯುವ ಉಪಕರಣ) ಪರೀಕ್ಷೆ ಮಾಡಿಸಿದಾಗ ಎಲ್ಲ ಕಂಬಗಳೂ ಉತ್ತಮ ಅಂಕ ಕೊಟ್ಟವು. ಭಾರತೀಯ ಮಾನಕದ ಪ್ರಕಾರವೂ ಕಚೇರಿಯ ನೆಲವನ್ನು ಚದರ ಮೀಟರಿಗೆ ಕನಿಷ್ಠ 250 ಕೆಜಿ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ, ಮನೆಗೆ 200 ಸಾಕು. ಕಚೇರಿ ಮನೆಯಾದಾಗ ಭಾರ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ದಯವಿಟ್ಟು ಹೊಸಬರನ್ನು ಹೆದರಿಸಬೇಡಿ.

ಅವೆನ್ಯೂ ರಸ್ತೆಯವರು:

ಹೆದರಿಸುತ್ತಿಲ್ಲ ಸ್ವಾಮಿ, ಎಚ್ಚರಿಸುತ್ತಿದ್ದೇನೆ. ರೀಬೌಂಡ್ ಹ್ಯಾಮರ್ ಅಳೆಯುವುದು ಮೇಲ್ಮೈಯ ಗಡಸುತನವನ್ನು ಮಾತ್ರ, ಮತ್ತು ಇಂಗಾಲಾಮ್ಲ ಹೊಕ್ಕ ಮೇಲ್ಮೈ ಇನ್ನಷ್ಟು ಗಡುಸಾಗುತ್ತದೆ. ಆದ್ದರಿಂದ ಹಳೆಯ ಕಟ್ಟಡದಲ್ಲಿ ಅದು ಇರುವುದಕ್ಕಿಂತ ಹೆಚ್ಚಿನ ಅಂಕವನ್ನೇ ತೋರಿಸುತ್ತದೆ. ಕಂಬದಿಂದ ಕಾಂಕ್ರೀಟಿನ ಉರುಳೆಯನ್ನು (ಕೋರ್) ಕೊರೆದು ತೆಗೆದು ಪ್ರಯೋಗಾಲಯದಲ್ಲಿ ಒಡೆಸಿ ನೋಡದೆ, ಗುಲಾಬಿ ಬಣ್ಣದ ಪರೀಕ್ಷೆ ಮಾಡಿಸದೆ, ಆ ಅಂಕವನ್ನು ನಂಬುವಂತಿಲ್ಲ. ಇನ್ನು ನೀವು ಹೇಳಿದ 250 ಮತ್ತು 200, ಜನ ಮತ್ತು ಸಾಮಾನಿನ ಚರಭಾರ. ತೆರೆದ ಹಾಲಿನಲ್ಲಿ ಹೊಸದಾಗಿ ಎಬ್ಬಿಸಿದ ಗೋಡೆ, ಎಂಟು ಅಂಗುಲ ತುಂಬಿದ ಬಚ್ಚಲು, ಗ್ರಾನೈಟ್ ಅಡುಗೆಕಟ್ಟೆ, ತಾರಸಿಯ ಮೇಲಿನ ಹೆಚ್ಚುವರಿ ತೊಟ್ಟಿಗಳು ಸ್ಥಿರಭಾರ. ಅದನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಶೇಷಾದ್ರಿಪುರದವರು:

ಗೋಡೆಗಳನ್ನು ನಾಲ್ಕು ಅಂಗುಲದ ಹಗುರ ಬ್ಲಾಕಿನಲ್ಲಿ, ಆದಷ್ಟೂ ತೊಲೆಗಳ ಮೇಲೆಯೇ ಬರುವಂತೆ ಕಟ್ಟಿಸಿದ್ದೇವೆ. ನನ್ನ ಎಂಜಿನಿಯರ್ ಸಹಿ ಹಾಕಿದ ಲೆಕ್ಕಪತ್ರ ನನ್ನಲ್ಲಿದೆ. ನಿಮ್ಮ ಕಂಬಕ್ಕೆ ತುಕ್ಕು ಹಿಡಿದಿದೆಯೆಂದು ಊರಿನ ಕಂಬಗಳಿಗೆಲ್ಲ ತುಕ್ಕು ಹಿಡಿಸಬೇಡಿ.

ಮೆಜೆಸ್ಟಿಕ್ ಪಿಜಿ ಮಾಲೀಕ:

ಇಬ್ಬರ ಲೆಕ್ಕವೂ ಮನೆಗಳಿಗೆ ಸೀಮಿತವಾಗಿದೆ. ನಮ್ಮದು ಪಿಜಿ. ಕಚೇರಿಯ ಹಾಲನ್ನು ಮಂಚದ ಲೆಕ್ಕದಲ್ಲಿ ಹಂಚಿದರೆ ಆದಾಯ ಮನೆಬಾಡಿಗೆಗಿಂತ ಬಹಳ ಹೆಚ್ಚು. ಅಡುಗೆಮನೆ ಇಡೀ ಕಟ್ಟಡಕ್ಕೆ ಒಂದೇ ಸಾಕು, ಬಚ್ಚಲುಗಳನ್ನು ಹಳೆಯ ಶೌಚಾಲಯದ ನೇರಕ್ಕೇ ಒಂದರ ಮೇಲೊಂದು ಬರುವಂತೆ ಇಡಬಹುದು. ಕೆಂಪೇಗೌಡ ನಿಲ್ದಾಣದಲ್ಲಿ ಮೆಟ್ರೋದ ನೇರಳೆ ಮತ್ತು ಹಸಿರು ಮಾರ್ಗಗಳೆರಡೂ ಸೇರುವುದರಿಂದ ವಾಹನ ನಿಲುಗಡೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಪಿಜಿಗೆ ಜಿಎಸ್‌ಟಿ ಬರುತ್ತದೆಂದು ಹಿಂಜರಿಯುತ್ತಿದ್ದವರಿಗೂ 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ದಾರಿ ಮಾಡಿಕೊಟ್ಟಿತು. ತಲಾ ತಿಂಗಳಿಗೆ 20,000 ರೂಪಾಯಿ ಮೀರದಿದ್ದರೆ, ಸತತ 90 ದಿನ ವಾಸವಿದ್ದರೆ ವಿನಾಯಿತಿಯಿದೆ.

ನಮಗೆ ಪೆಟ್ಟು ಬಿದ್ದದ್ದು ಎರಡು ಸಲ. 2020ರ ಲಾಕ್‌ಡೌನಿನಲ್ಲಿ ಹುಡುಗರೆಲ್ಲ ಊರಿಗೆ ಹೋದರು, ಬ್ಯಾಂಕಿನ ಬಡ್ಡಿ ನಿಲ್ಲಲಿಲ್ಲ. ಆಮೇಲೆ 2024ರ ಬೇಸಿಗೆ. ಕಚೇರಿಗೆ ಕಟ್ಟಿದ 6,000 ಲೀಟರಿನ ಸಂಪು ಅರವತ್ತು ಜನರ ಸ್ನಾನಕ್ಕೆ ಮಧ್ಯಾಹ್ನದವರೆಗೂ ಬರುತ್ತಿರಲಿಲ್ಲ, ಮಾರ್ಚಿನಲ್ಲಿ ಕೊಳವೆಬಾವಿಯೂ ಬತ್ತಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರಿಗೆ ಜಿಲ್ಲಾಡಳಿತ 1,000 ರೂಪಾಯಿ ನಿಗದಿ ಮಾಡಿತ್ತು. ಆ ದರಕ್ಕೆ ನಮ್ಮ ಬಾಗಿಲಿಗೆ ಒಂದು ಟ್ಯಾಂಕರೂ ಬರಲಿಲ್ಲ.

ಚಾಮರಾಜಪೇಟೆಯವರು:

ಪಿಜಿ ಮಾಲೀಕರು ಆದಾಯ ಹೇಳಿದರು, ಅರವತ್ತು ಜನ ಒಂದೇ ಮೆಟ್ಟಿಲಿನಲ್ಲಿ ಇಳಿಯಬೇಕಾದ ವಿಷಯವನ್ನು ಬಿಟ್ಟರು. ಕೆಳಗೆ ಜವಳಿ, ಪ್ಲಾಸ್ಟಿಕ್ ಅಂಗಡಿಗಳು, ಮೆಟ್ಟಿಲ ಬುಡದಲ್ಲೇ ಮೀಟರ್ ಫಲಕ. ಬೆಂಕಿ ಹೊತ್ತಿದರೆ ಹೊಗೆ ಮೊದಲು ಏರುವುದೇ ಆ ಮೆಟ್ಟಿಲಿನಲ್ಲಿ. ಕಚೇರಿಯಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ, ಇಲ್ಲಿ ಮಲಗುತ್ತಾರೆ. ನಾವು ಹಿಂದಿನ ಓಣಿಯ ಕಡೆಗೆ ಕಬ್ಬಿಣದ ಎರಡನೇ ಮೆಟ್ಟಿಲು ಹಾಕಿಸಲು 11 ಲಕ್ಷ ಕೊಟ್ಟೆವು, ಅಂತಸ್ತಿಗೊಂದು ಕೋಣೆಯನ್ನೂ ಬಿಟ್ಟುಕೊಟ್ಟೆವು. ಆ ಹಣದ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ನಾನು ತೆರಿಗೆ ಸಲಹೆಯ ವೃತ್ತಿಯಲ್ಲಿರುವುದರಿಂದ ಕಾಗದದ ವಿಷಯವನ್ನೂ ಹೇಳುತ್ತೇನೆ. ನಕ್ಷೆ ಮಂಜೂರಾದದ್ದು ಕಚೇರಿಗಾದ್ದರಿಂದ ಬಳಕೆ ಬದಲಾಗುವಾಗ ಪರಿಷ್ಕೃತ ನಕ್ಷೆಯೂ, ಆಮೇಲೆ ಕಟ್ಟಡವನ್ನು ಬಳಸಬಹುದೆಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರವೂ (ಒಸಿ) ಬೇಕು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಈ ಪತ್ರ ನೋಡಿದ ಮೇಲೆಯೇ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಸಾಲ ಕೊಡಬೇಕು ಎಂದಿದೆ. ಹನ್ನೆರಡು ಹೊಸ ಮೀಟರುಗಳ ಅರ್ಜಿಯನ್ನು ಕೊನೆಗೆ ನೋಡಿಕೊಳ್ಳೋಣವೆಂದು ಬಿಡುವ ಕಾಲ ಮುಗಿಯಿತು. ನಮ್ಮ ಬ್ಯಾಂಕು ದಾಖಲೆಯಲ್ಲಿ ವಾಣಿಜ್ಯ ಕಟ್ಟಡವೆಂದಿರುವುದನ್ನು ತೋರಿಸಿ ಗೃಹಸಾಲ ನಿರಾಕರಿಸಿತು, ಆಸ್ತಿ ಅಡಮಾನ ಸಾಲವನ್ನು ಹೆಚ್ಚಿನ ಬಡ್ಡಿಗೆ ತೆಗೆದುಕೊಳ್ಳಬೇಕಾಯಿತು.

ಮನೆಬಾಡಿಗೆಯ ಆದಾಯದಲ್ಲಿ ಪರಿವರ್ತನೆಯ ಖರ್ಚನ್ನು ಕಳೆಯಬಹುದೆಂದು ಅನೇಕರು ನಂಬಿದ್ದಾರೆ. ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ, ಶೇ 30ರ ನಿಗದಿತ ಕಡಿತ ಮತ್ತು ಸಾಲದ ಬಡ್ಡಿ ಬಿಟ್ಟರೆ ಬೇರೇನೂ ಸಿಗದು. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಮನೆಯ ನಷ್ಟವನ್ನು ಸಂಬಳ ಅಥವಾ ವ್ಯಾಪಾರದ ಆದಾಯಕ್ಕೆ ಹೊಂದಿಸಲೂ ಆಗದು. ಜಿಎಸ್‌ಟಿಯೂ ಹಾಗೆಯೇ. ಕಚೇರಿ ಬಾಡಿಗೆಗೆ ಶೇ 18 ವಸೂಲಿ ಮಾಡುತ್ತಿದ್ದಾಗ ದುರಸ್ತಿಯ ಜಿಎಸ್‌ಟಿಯನ್ನು ಹೊಂದಿಸಿಕೊಳ್ಳಬಹುದಿತ್ತು. ನೋಂದಣಿ ಇಲ್ಲದವರಿಗೆ ವಾಸಕ್ಕೆ ಕೊಟ್ಟ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲವಾದ್ದರಿಂದ ಆ ಮನೆಗಾಗಿ ತೆತ್ತ ಜಿಎಸ್‌ಟಿ ಹಿಂದೆ ಬರುವುದಿಲ್ಲ. ಶೇಷಾದ್ರಿಪುರದವರ 78 ಲಕ್ಷದಲ್ಲಿ ಅದು ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಶೇಷಾದ್ರಿಪುರದವರು:

ಸೇರಿದೆ ಮೇಡಂ. ಬಿಲ್ಲಿಲ್ಲದೆ ನಾನು ಯಾವ ಕೆಲಸವನ್ನೂ ಮಾಡಿಸಿಲ್ಲ.

ಮೆಜೆಸ್ಟಿಕ್ ಪಿಜಿ ಮಾಲೀಕ:

ನಮ್ಮಲ್ಲಿ ಅಗ್ನಿಶಾಮಕಗಳಿವೆ, ರಾತ್ರಿ ಕಾವಲುಗಾರರಿದ್ದಾರೆ. ಪಿಜಿ ಎಂದ ಕೂಡಲೇ ಅಪಾಯದ ಜಾಗವೆಂದು ಬರೆಯುವುದು ನ್ಯಾಯವಲ್ಲ.

ಚಾಮರಾಜಪೇಟೆಯವರು:

ಅಗ್ನಿಶಾಮಕ ಮತ್ತು ಕಾವಲುಗಾರರ ಬಗ್ಗೆ ನನ್ನ ತಕರಾರಿಲ್ಲ. ಎರಡನೇ ದಾರಿ ಇದೆಯೇ ಎಂದಷ್ಟೇ ಕೇಳಿದ್ದೆ, ಅದಕ್ಕೆ ಉತ್ತರ ಬಂದಿಲ್ಲ.

ಕ್ಯಾಲ್ಗರಿ ಕನ್ನಡಿಗ:

ಕೆನಡಾದ ಕ್ಯಾಲ್ಗರಿಯಲ್ಲಿ ಇಂಥ ಪರಿವರ್ತನೆಯ ಕಟ್ಟಡವೊಂದರ ವಿನ್ಯಾಸ ತಂಡದಲ್ಲಿ ದುಡಿದಿದ್ದೇನೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ತೈಲ ಕಂಪನಿಗಳು ಬಿಟ್ಟ ಕಚೇರಿಗಳು ನಗರದ ನಡುವೆ ಖಾಲಿ ಬಿದ್ದಿದ್ದರಿಂದ, ಅವನ್ನು ಮನೆ ಮಾಡುವವರಿಗೆ ಚದರ ಅಡಿಗೆ 75 ಡಾಲರ್ ಅನುದಾನ ಕೊಡುವ ಯೋಜನೆಯನ್ನು ಆ ನಗರ 2021ರಲ್ಲಿ ಆರಂಭಿಸಿತು. 2031ರೊಳಗೆ 60 ಲಕ್ಷ ಚದರ ಅಡಿ ಕಚೇರಿ ಜಾಗ ತಗ್ಗಿಸುವುದು ಗುರಿ. ಅಲ್ಲಿ ನಾವು ಮೊದಲು ನೋಡುತ್ತಿದ್ದುದು ಕಿಟಕಿಯಿಂದ ಕಟ್ಟಡದ ನಡುಭಾಗಕ್ಕೆ ಇರುವ ದೂರವನ್ನು. ಆ ದೂರ ಹೆಚ್ಚಾದ ಕಟ್ಟಡಗಳನ್ನು ಎಷ್ಟೇ ಗಟ್ಟಿಯಾಗಿದ್ದರೂ ಕೈಬಿಡುತ್ತಿದ್ದೆವು.

ಅವೆನ್ಯೂ ರಸ್ತೆಯವರು:

ಸರ್ಕಾರವೇ ಡಾಲರ್ ಕೊಡುವ ಊರಿನ ಲೆಕ್ಕ ನಮಗೇಕೆ? ಇಲ್ಲಿ ಪ್ರತಿ ರೂಪಾಯಿಯೂ ನಮ್ಮ ಮನೆಯಿಂದಲೇ ಹೋಗಬೇಕು.

ಕ್ಯಾಲ್ಗರಿ ಕನ್ನಡಿಗ:

ಅನುದಾನ ಅಲ್ಲಿನದು, ಬೆಳಕಿನ ನಿಯಮ ನಮ್ಮದೇ. ಕಿಟಕಿಯಿಂದ 7.5 ಮೀಟರ್ ದಾಟಿದ ಜಾಗಕ್ಕೆ ಬೆಳಕಿದೆಯೆಂದು ಪರಿಗಣಿಸಬಾರದೆಂದು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಂದರೆ ಸುಮಾರು 24.5 ಅಡಿ. ಪ್ರಶ್ನೆ ಕೇಳಿದವರ ಕಟ್ಟಡ 80 ಅಡಿ ಉದ್ದ, ಕಿಟಕಿ ಎರಡು ತುದಿಗಳಲ್ಲಿ ಮಾತ್ರ. ಮುಂದಿನಿಂದ 24.5, ಹಿಂದಿನಿಂದ 24.5 ಕಳೆದರೆ ನಡುವಿನ 31 ಅಡಿ ಕತ್ತಲೆ. ಅಂತಸ್ತಿಗೆ ನಾಲ್ಕು ಮನೆ ಮಾಡಿ ಅವುಗಳಲ್ಲಿ ಎರಡನ್ನು ಆ ನಡುಭಾಗಕ್ಕೆ ಹಾಕಿದರೆ ಮಲಗುವ ಕೋಣೆಗೂ ಹಗಲಿನಲ್ಲೇ ದೀಪ ಬೇಕು. ಇಷ್ಟು ಉತ್ತರಗಳಲ್ಲಿ ಒಬ್ಬರೂ ಅವರ ಅಳತೆಯನ್ನು ನೋಡಿಲ್ಲ.

ಮೆಜೆಸ್ಟಿಕ್ ಪಿಜಿ ಮಾಲೀಕ:

ಒಂದು ಫ್ಯಾನು, ಒಂದು ಎಲ್‌ಇಡಿ ಸಾಕು. ನಮ್ಮ ನಡುಕೋಣೆಗಳಲ್ಲಿ ಜನ ಸಂತೋಷವಾಗಿಯೇ ಇದ್ದಾರೆ.

ಚಾಮರಾಜಪೇಟೆಯವರು:

ಮನೆಯಲ್ಲಿ ಮಗುವೋ ವಯಸ್ಸಾದವರೋ ದಿನವಿಡೀ ಇರುತ್ತಾರೆ, ಬೆಳಗ್ಗೆ ಹೋಗಿ ರಾತ್ರಿ ಬರುವ ಹುಡುಗರ ಮಾತು ಅವರಿಗೆ ಅನ್ವಯಿಸುವುದಿಲ್ಲ. ನಮ್ಮ ನಡುಭಾಗದ ಒಂದು ಮನೆ ಬೇರೆಲ್ಲ ಮನೆಗಳು ತುಂಬಿದ ಮೇಲೂ ಖಾಲಿಯೇ ಉಳಿದು, ಕೊನೆಗೆ ಅದನ್ನು ಪುಸ್ತಕ ದಾಸ್ತಾನಿಗೆ ಬಾಡಿಗೆಗೆ ಕೊಟ್ಟೆವು.

ಗಾಂಧಿನಗರ ಮಾಲೀಕ:

ಎಲ್ಲರಿಗೂ ಧನ್ಯವಾದಗಳು. ಹನ್ನೆರಡರ ಬದಲು ಅಂತಸ್ತಿಗೆ ಎರಡರಂತೆ ಆರೇ ಮನೆ ಮಾಡಿ, ನಡುವೆ ಸ್ಲ್ಯಾಬ್ ಕತ್ತರಿಸಿ ತಾರಸಿಯಿಂದ ಬೆಳಕು ಇಳಿಸಿದರೆ ಹೇಗೆ?

ಕ್ಯಾಲ್ಗರಿ ಕನ್ನಡಿಗ:

ಅದೇ ಸರಿ. ಮೆಟ್ಟಿಲು, ಲಿಫ್ಟ್, ಬಚ್ಚಲು, ಉಗ್ರಾಣಗಳು ನಡುಭಾಗಕ್ಕೆ ಬರಲಿ, ಮಲಗುವ ಕೋಣೆಗಳು ಎರಡು ತುದಿಗಳಿಗೆ ಇರಲಿ. ಬಚ್ಚಲುಗಳ ಗಾಳಿಗೂ ಕೊಳವೆಗಳಿಗೂ ಅದೇ ಬೆಳಕಿನ ಬಾವಿ ಒದಗುತ್ತದೆ. ನೀರಿನ ಲೆಕ್ಕವೂ ಅರ್ಧವಾಗುತ್ತದೆ: ತಲಾ 135 ಲೀಟರಿನಂತೆ, ಮನೆಗೆ ನಾಲ್ವರೆಂದರೆ ಹನ್ನೆರಡು ಮನೆಗೆ ದಿನಕ್ಕೆ 6,480 ಲೀಟರ್ ಬೇಕಿತ್ತು, ಆರಕ್ಕೆ 3,240 ಸಾಕು. ಕಚೇರಿಯ ಲೆಕ್ಕ ತಲಾ 45 ಲೀಟರ್ ಮಾತ್ರ ಆದ್ದರಿಂದ ನಿಮ್ಮ ಸಂಪಿನ ಅಳತೆ ನೋಡಿಕೊಳ್ಳಿ.

ಅವೆನ್ಯೂ ರಸ್ತೆಯವರು:

ಸ್ಲ್ಯಾಬ್ ಕತ್ತರಿಸುವುದಾದರೆ ತೊಲೆಯಿಂದ ತೊಲೆಯವರೆಗಿನ ಒಂದು ಪೂರ್ತಿ ಅಂಕಣವನ್ನೇ ತೆಗೆಯಿರಿ. ಅರ್ಧ ಅಂಕಣ ಕತ್ತರಿಸಿದರೆ ಉಳಿದ ಅರ್ಧಕ್ಕೆ ಆಧಾರವಿಲ್ಲದೆ ಉಕ್ಕಿನ ಹೊಸ ತೊಲೆ ಹಾಕಬೇಕಾಗುತ್ತದೆ. ಸುತ್ತಲಿನ ಸ್ಲ್ಯಾಬಿಗೆ ಮೊದಲು ಆನಿಕೆ ಕೊಟ್ಟು, ಮೇಲಿನ ಅಂತಸ್ತಿನಿಂದ ಕೆಳಕ್ಕೆ ಬರಬೇಕು, ವಜ್ರದ ಅಲಗಿನ ಗರಗಸದಿಂದಲೇ ಕತ್ತರಿಸಬೇಕು. ನೆಲಮಹಡಿಯ ಚಾವಣಿಯನ್ನು ಮುಟ್ಟಬೇಡಿ, ಮಳಿಗೆಗಳು ತೆರೆದೇ ಇರಲಿ. ಆದರೆ ಕಂಬಗಳ ಗುಲಾಬಿ ಪರೀಕ್ಷೆಯನ್ನು ನೆಲಮಹಡಿಯಲ್ಲೇ, ಯಾವುದೇ ಗುತ್ತಿಗೆಗೆ ಸಹಿ ಹಾಕುವ ಮೊದಲೇ ಮಾಡಿಸಿ. ತಾರಸಿಯ ನೀರಿನ ತೊಟ್ಟಿ ಆ ಅಂಕಣದ ಮೇಲೆಯೇ ಇದ್ದರೆ ಮೊದಲು ಅದನ್ನು ಕಂಬಗಳ ನೇರಕ್ಕೆ ಸರಿಸಬೇಕಾಗುತ್ತದೆ.